ಸಂಘರ್ಷ ಸಂಶೋಧನೆ ಓದುವುದು ಹೇಗೆ: 25 ಸಾವು, 1000 ಸಾವು

ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ ಯುದ್ಧ ಎಂಬ ಒಂದೇ ವಿಷಯವನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಹಿಡಿದಿರುತ್ತಾರೆ. ರಾಜಕೀಯ ಚಿಂತನೆಯವರು ಅದು ನ್ಯಾಯವೇ ಎಂದು ಕೇಳುತ್ತಾರೆ. ತೌಲನಿಕ ರಾಜಕಾರಣದವರು ದೇಶದೊಳಗಿನ ಪಕ್ಷ, ಸೇನೆ, ಚುನಾವಣೆ ನೋಡುತ್ತಾರೆ. ಅಂತರರಾಷ್ಟ್ರೀಯ ಸಂಬಂಧಗಳ ಚಿಂತಕ ಕೆನೆತ್ ವಾಲ್ಟ್ಸ್ 1959ರಲ್ಲಿ ಯುದ್ಧದ ಕಾರಣಗಳನ್ನು ಮನುಷ್ಯ, ರಾಜ್ಯ (ಇಲ್ಲಿ ಸ್ವತಂತ್ರ ದೇಶ ಎಂಬರ್ಥ), ರಾಜ್ಯಗಳ ವ್ಯವಸ್ಥೆ ಎಂದು ಮೂರು ಹಂತಗಳಲ್ಲಿ ಬಿಡಿಸಿಟ್ಟದ್ದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ವಿದ್ಯಾರ್ಥಿಗಳು ಎಡವುವುದು ಅಂಕಿಅಂಶದ ಪ್ರಬಂಧಗಳಲ್ಲಿ.

ಅಲ್ಲಿ ಮೊದಲು ನೋಡಬೇಕಾದ್ದು ದತ್ತಾಂಶ ಯಾರದು ಎಂಬುದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಪಟ್ಟಿಗೆ ರಾಜ್ಯ ಭಾಗಿಯಾದ ಸಂಘರ್ಷವೊಂದು ಸೇರಬೇಕಾದರೆ ಕಾದಾಡುವವರಲ್ಲಿ ಕನಿಷ್ಠ ಒಂದು ಕಡೆಯವರು ಸರ್ಕಾರವೇ ಆಗಿರಬೇಕು. ಜಗಳ ಅಧಿಕಾರಕ್ಕೋ ಭೂಪ್ರದೇಶಕ್ಕೋ ಇರಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಕಾದಾಟದಿಂದ ಕನಿಷ್ಠ 25 ಸಾವು ಆಗಿರಬೇಕು. ಸಾವು 1000 ಮುಟ್ಟಿದರೆ ಅದು ಯುದ್ಧ. ರಾಜ್ಯಶಾಸ್ತ್ರಜ್ಞ ಜೆ. ಡೇವಿಡ್ ಸಿಂಗರ್ 1963ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆಯ ಯುದ್ಧಪಟ್ಟಿಯಲ್ಲಿ ಪ್ರವೇಶದ ಮಿತಿಯೇ 1000. ಹಾಗಾಗಿ ವರ್ಷಕ್ಕೆ 400 ಜನ ಸಾಯುವ ಬಂಡಾಯ ಮೊದಲನೆಯದರಲ್ಲಿ ಇರುತ್ತದೆ, ಎರಡನೆಯದರಲ್ಲಿ ಇರುವುದಿಲ್ಲ. ‘ಬಡತನ ಅಂತರ್ಯುದ್ಧಕ್ಕೆ ದಾರಿ’ ಎಂಬ ವಾದದ ಬಲ, ಯಾವ ಪಟ್ಟಿ ಬಳಸಿದರು ಎಂಬುದರಿಂದಲೇ ಏರುಪೇರಾಗಬಹುದು.

ಇನ್ನೊಂದು ತೊಡಕು. ನಿರಾಯುಧ ಜನರನ್ನು ಗುರಿಮಾಡಿ ಕೊಂದದ್ದು ಉಪ್ಸಾಲಾದಲ್ಲಿ ‘ಏಕಪಕ್ಷೀಯ ಹಿಂಸೆ’ ಎಂಬ ಬೇರೆಯೇ ಕಡತಕ್ಕೆ ಹೋಗುತ್ತದೆ. ಸಂಘರ್ಷದ ಕಡತವನ್ನಷ್ಟೇ ತೆರೆದು ‘ಆ ವರ್ಷ ಹಿಂಸೆ ಕಡಿಮೆ’ ಎಂದು ಬರೆದರೆ ಹತ್ಯಾಕಾಂಡವೇ ಕಣ್ಮರೆಯಾಗಿರಬಹುದು.

ದತ್ತಾಂಶ ಕಡತದ ಸಾಲುಗಳನ್ನೂ ಎಣಿಸಿ ನೋಡಿ. ಒಂದು ಸರ್ಕಾರ ಒಂದೇ ವರ್ಷ ಮೂರು ಬಂಡುಕೋರ ಗುಂಪುಗಳ ಜತೆ ಕಾದಾಡಿದರೆ, ದೇಶ-ವರ್ಷದ ಲೆಕ್ಕದಲ್ಲಿ ಒಂದು ಸಾಲು, ಜೋಡಿ-ವರ್ಷದ (ಸರ್ಕಾರ ಮತ್ತು ಒಂದು ಗುಂಪು ಸೇರಿ ಒಂದು ಜೋಡಿ) ಲೆಕ್ಕದಲ್ಲಿ ಮೂರು. ಆ ಮೂರನ್ನೂ ಪರಸ್ಪರ ಸಂಬಂಧವಿಲ್ಲದ ಘಟನೆಗಳೆಂದು ಲೆಕ್ಕ ಹಾಕಿದರೆ ಫಲಿತಾಂಶವು ನಿಜಕ್ಕೂ ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ದೇಶವಾರು ಗುಂಪು ಮಾಡಿ ದೋಷಮಾನ (ಅಂದಾಜು ಎಷ್ಟು ಹಿಂದುಮುಂದಾಗಬಹುದು ಎಂಬ ಅಳತೆ) ತೆಗೆದಿದ್ದಾರೆಯೇ ಎಂದು ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದಲ್ಲಿ ಹುಡುಕಿ.

ನೀವೇ ಬರೆಯುವಾಗ ದತ್ತಾಂಶದ ಆವೃತ್ತಿ ಸಂಖ್ಯೆ ಗುರುತು ಹಾಕಿಕೊಳ್ಳಿ. ಹೊಸ ಆವೃತ್ತಿಯಲ್ಲಿ ಹಳೆಯ ವರ್ಷಗಳ ಸಾವಿನ ಸಂಖ್ಯೆಯೂ ತಿದ್ದುಪಡಿಯಾಗಿರುತ್ತದೆ. ಆಮೇಲೆ ನಿಮ್ಮ ಅಂಕಿಅಂಶದ ಲೆಕ್ಕಾಚಾರದ ಮಾದರಿಯನ್ನು 25 ಸಾವಿನ ಮಿತಿಗೂ 1000ದ ಮಿತಿಗೂ ಎರಡು ಸಲ ಓಡಿಸಿ. ಉತ್ತರ ಬದಲಾದರೆ ಎರಡೂ ಕೋಷ್ಟಕಗಳನ್ನು ಪ್ರಬಂಧದೊಳಗೇ ಕೊಡಿ, ಅನುಬಂಧಕ್ಕೆ ತಳ್ಳಬೇಡಿ.