ಮಂಜುಗಡ್ಡೆಯ ಅಡಿಯ ಕೆರೆಗೆ ಮಟ್ಟ ನೋಡುವವರು

ಮಳೆಗಾಲ ಶುರುವಾದರೆ ಶಿವಮೊಗ್ಗದಲ್ಲಿ ಪೇಪರ್ ಬಿಡಿಸಿದ ಕೂಡಲೇ ಕಣ್ಣು ಹೋಗುವುದು ಡ್ಯಾಂಗಳ ಮಟ್ಟದ ಕಡೆಗೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಇವತ್ತು ಎಷ್ಟಿದೆ? ಒಳಹರಿವು ಎಷ್ಟು ಕ್ಯೂಸೆಕ್? ಭದ್ರಾ ತುಂಬಿತಾ? ಗಾಜನೂರಲ್ಲಿ ಗೇಟ್ ತೆಗೆದರಾ? ಹೊಳೆ ಬದಿಯ ತೋಟ, ಗದ್ದೆ, ಕೊಟ್ಟಿಗೆಯ ದನ, ಬೇಸಿಗೆಯ ಕರೆಂಟು ಎಲ್ಲವೂ ಈ ಅಂಕಿಗಳನ್ನು ನಂಬಿಕೊಂಡಿವೆ.

ಇಂಥ ಅಂಕಿಗಳೇ ಸಿಗದ ಜಲಾಶಯಗಳು ಭೂಮಿಯ ಮೇಲೆ ನೂರಾರಿವೆ. ಅವು ಇರುವುದು ಹಿಮನದಿಗಳ ಕೆಳಗೆ. ಮೇಲೆ ನೂರಾರು ಮೀಟರ್, ಕೆಲವು ಕಡೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ. 2022ರಲ್ಲಿ ವಿಜ್ಞಾನಿಗಳು ಇವನ್ನೆಲ್ಲ ಸೇರಿಸಿ ಪಟ್ಟಿ ಮಾಡಿದಾಗ 773 ಸಿಕ್ಕವು. ಅದರಲ್ಲಿ 675 ಅಂಟಾರ್ಕ್ಟಿಕಾದವು. ಎಲ್ಲಕ್ಕಿಂತ ದೊಡ್ಡದು ವೋಸ್ಟೋಕ್ ಸರೋವರ. ಉದ್ದ ಸುಮಾರು 250 ಕಿ.ಮೀ., ಅಂದರೆ ಶಿವಮೊಗ್ಗದಿಂದ ಹೊರಟು ತುಮಕೂರು ದಾಟುವಷ್ಟು. ಅದರಲ್ಲಿರುವ ನೀರು ಸುಮಾರು 5,400 ಘನ ಕಿ.ಮೀ. ಎಂದು ಅಂದಾಜು. 151 ಟಿಎಂಸಿ ಹಿಡಿಯುವ ಲಿಂಗನಮಕ್ಕಿಯಂಥ ಡ್ಯಾಂಗಳು ಸಾವಿರಕ್ಕೂ ಜಾಸ್ತಿ ಬೇಕು, ಅಷ್ಟು ನೀರು ತುಂಬಿಡಲು. 2012ರ ಫೆಬ್ರವರಿಯಲ್ಲಿ ರಷ್ಯಾದವರ ಡ್ರಿಲ್ ಅದರ ನೀರನ್ನು ಮುಟ್ಟಿದ್ದು 3,769 ಮೀಟರ್ ಆಳದಲ್ಲಿ.

ಹೊಸನಗರ ಕಡೆಯ ಒಂದು ಹೈಸ್ಕೂಲಿನಲ್ಲಿ ಈ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅಲ್ಲಿ ಮೈನಸ್ 89 ಡಿಗ್ರಿ ತನಕ ಹೋಗಿದೆ ಅಂದ್ರಿ. ಹಾಗಿದ್ರೆ ನೀರು ಗಟ್ಟಿ ಆಗಲ್ವಾ?"

"ಮೇಲೆ ಆಗುತ್ತೆ ಕಣಮ್ಮ, ಕೆಳಗೆ ಆಗಲ್ಲ" ಎಂದೆ. ಭೂಮಿಯ ಒಳಗಿನ ಬಿಸಿ ನಿಧಾನಕ್ಕೆ ಮೇಲೆ ಬರುತ್ತಲೇ ಇರುತ್ತದೆ. ದಪ್ಪ ಮಂಜುಗಡ್ಡೆ ಆ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ಜೊತೆಗೆ ನಾಲ್ಕು ಕಿಲೋಮೀಟರ್ ಮಂಜಿನ ಭಾರ ಮೇಲಿದ್ದರೆ ನೀರು ಹೆಪ್ಪುಗಟ್ಟುವ ಉಷ್ಣತೆಯೇ ಎರಡು ಮೂರು ಡಿಗ್ರಿ ಕೆಳಗೆ ಇಳಿಯುತ್ತದೆ. ಹಾಗಾಗಿ ಸೊನ್ನೆಗಿಂತ ಕಡಿಮೆ ಉಷ್ಣತೆಯಲ್ಲೂ ಅಲ್ಲಿ ನೀರು ನೀರಾಗಿಯೇ ಇರುತ್ತದೆ. ಅವಳ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಹಾಗಾದ್ರೆ ನೀರಿದೆ ಅಂತ ಗೊತ್ತಾಗಿದ್ದು ಹೇಗೆ ಸರ್?"

ಗೊತ್ತಾಗಿದ್ದು ರೇಡಾರ್‌ನಿಂದ. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ರೇಡಿಯೋ ಉಪಕರಣಗಳು ಮಂಜುಗಡ್ಡೆಯ ಮೇಲೆ ಹಾರುವಾಗ ತಪ್ಪು ಲೆಕ್ಕ ಕೊಡುತ್ತಿದ್ದವು. ನೆಲ ಇರುವುದಕ್ಕಿಂತ ಕೆಳಗಿದೆ ಅನ್ನುತ್ತಿದ್ದವು. ಅಲೆಗಳು ಮಂಜನ್ನು ತೂರಿ ಕೆಳಗಿನ ಬಂಡೆಯಿಂದ ವಾಪಸ್ ಬರುತ್ತಿವೆ ಎಂದು 1950ರ ದಶಕದಲ್ಲಿ ಅಮೆರಿಕದ ಅಮೋರಿ ವೇಟ್ ತೋರಿಸಿಕೊಟ್ಟರು. ಪೈಲಟ್‌ಗಳ ಪಾಲಿಗೆ ಅಪಾಯವಾಗಿದ್ದ ದೋಷ ಹಿಮವಿಜ್ಞಾನಿಗಳಿಗೆ ದಾರಿ ತೆರೆಯಿತು.

ಲೆಕ್ಕ ಸುಲಭ. ಮಂಜುಗಡ್ಡೆಯೊಳಗೆ ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿಗೆ ಸುಮಾರು 168 ಮೀಟರ್ ಸಾಗುತ್ತದೆ. ನಾಲ್ಕು ಕಿಲೋಮೀಟರ್ ಕೆಳಗಿಳಿದು ಮೇಲೆ ಬರಲು ಸುಮಾರು 48 ಮೈಕ್ರೋಸೆಕೆಂಡ್ ಸಾಕು. ವಿಮಾನ ಮುಂದೆ ಹೋಗುತ್ತಾ ಸಾವಿರಾರು ಪ್ರತಿಧ್ವನಿ ಹಿಡಿಯುತ್ತದೆ. ಅವನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಚಿತ್ರ ಬರುತ್ತದೆ. ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಬೇಕು. ಮೇಲ್ಗಡೆ ಮಂಜಿನ ಮೇಲ್ಮೈ. ಅದರ ಕೆಳಗೆ ತೆಳು ಗೆರೆಗಳು. ಅವುಗಳಲ್ಲಿ ಕೆಲವು, ಹಳೆಯ ಜ್ವಾಲಾಮುಖಿಗಳು ಬಿಟ್ಟುಹೋದ ಗುರುತು. ತಳದಲ್ಲಿ ಬಂಡೆಯ ಗೆರೆ ಮಬ್ಬಾಗಿ, ಏರಿಳಿತದಿಂದ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆ ಆ ಗೆರೆ ಸಪಾಟಾಗುತ್ತದೆ, ತುಂಬಾ ಪ್ರಕಾಶಮಾನವಾಗುತ್ತದೆ. ಹತ್ತಾರು ಕಿಲೋಮೀಟರ್ ಹಾಗೇ ಹೋಗಿ ಮತ್ತೆ ಏರಿಳಿತ ಶುರುವಾಗುತ್ತದೆ. ಆ ಸಪಾಟು ಭಾಗವೇ ನೀರು. ಮಂಜುಗಡ್ಡೆ ಮತ್ತು ನೀರಿನ ವಿದ್ಯುತ್ ಗುಣಗಳಲ್ಲಿ ಭಾರೀ ವ್ಯತ್ಯಾಸವಿರುವುದರಿಂದ ಅಲೆ ಅಲ್ಲಿ ಜೋರಾಗಿ ವಾಪಸ್ ಬರುತ್ತದೆ. 1973ರಲ್ಲಿ ಕೇಂಬ್ರಿಡ್ಜ್‌ನ ಆಸ್ವಾಲ್ಡ್ ಮತ್ತು ರಾಬಿನ್ ಇಂಥ 17 ಜಾಗಗಳನ್ನು ವರದಿ ಮಾಡಿದರು.

ಕೆರೆಯ ಆಳ ಮಾತ್ರ ರೇಡಾರ್‌ಗೆ ಸಿಗಲ್ಲ. ನೀರೊಳಗೆ ಹೋದ ಅಲೆಯನ್ನು ನೀರೇ ನುಂಗಿಬಿಡುತ್ತದೆ. ಅದಕ್ಕೆ ಸಣ್ಣ ಸ್ಫೋಟ ಮಾಡಿ ಕಂಪನ ಅಳೆಯಬೇಕು.

ಇಷ್ಟು ಕೆರೆ ಹುಡುಕುವ ಕಥೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆಮೇಲಿನ ಕೆಲಸ, ಮಟ್ಟ ನೋಡುವುದು. ಬಹಳ ಕಾಲ ಈ ಕೆರೆಗಳು ನಿಂತ ನೀರು, ಲಕ್ಷಾಂತರ ವರ್ಷದಿಂದ ಅಲುಗಾಡದೆ ಕೂತಿವೆ ಎಂದೇ ಅಂದುಕೊಂಡಿದ್ದರು. 2006ರಲ್ಲಿ ಆ ನಂಬಿಕೆ ಬಿತ್ತು. ಯುರೋಪಿನ ಇಆರ್‌ಎಸ್-2 ಉಪಗ್ರಹದ ರೇಡಾರ್ ಮಂಜಿನ ಆಳಕ್ಕೆ ಇಳಿಯುತ್ತಿರಲಿಲ್ಲ. ಮೇಲ್ಮೈಯ ಎತ್ತರವನ್ನಷ್ಟೇ ಅಳೆಯುತ್ತಿತ್ತು. ಅದರ ಹಳೆಯ ದಾಖಲೆ ತೆಗೆದು ನೋಡಿದಾಗ ಪೂರ್ವ ಅಂಟಾರ್ಕ್ಟಿಕಾದ ಒಂದು ಕಡೆ ಮಂಜಿನ ಮೇಲ್ಮೈ ಹದಿನಾರು ತಿಂಗಳಲ್ಲಿ ಸುಮಾರು ಮೂರು ಮೀಟರ್ ಕುಸಿದಿತ್ತು. ಅಲ್ಲಿಂದ 290 ಕಿ.ಮೀ. ದೂರದಲ್ಲಿ ಮೇಲ್ಮೈ ಉಬ್ಬಿತ್ತು. ಕೆಳಗೆ ಒಂದು ಕೆರೆ ಖಾಲಿಯಾಗಿ ಇನ್ನೊಂದು ಕಡೆ ತುಂಬಿತ್ತು. ಹರಿದ ನೀರು 1.8 ಘನ ಕಿ.ಮೀ. ನಮ್ಮ ಲೆಕ್ಕದಲ್ಲಿ ಸುಮಾರು 64 ಟಿಎಂಸಿ. ಭದ್ರಾ ಡ್ಯಾಂ ಪೂರ್ತಿ ತುಂಬಿದರೆ 71.5 ಟಿಎಂಸಿ, ಅಲ್ವಾ? ಹೆಚ್ಚುಕಡಿಮೆ ಒಂದು ಭದ್ರಾ ಡ್ಯಾಂ ಕತ್ತಲಲ್ಲಿ ಜಾಗ ಬದಲಿಸಿತ್ತು. ಆಗ ಯಾರಿಗೂ ಸುದ್ದಿಯೇ ಇರಲಿಲ್ಲ.

ಅಲ್ಲಿ ನೀರು ಹರಿಯುವ ರೀತಿಯೂ ಬೇರೆ. ನಮ್ಮಲ್ಲಿ ನೀರು ತಗ್ಗಿಗೆ ಹೋಗುತ್ತದೆ. ಮಂಜಿನಡಿ ನೀರನ್ನು ಒತ್ತುವುದು ಮೇಲಿನ ಮಂಜಿನ ಭಾರ. ಹಾಗಾಗಿ ತಳದ ಇಳಿಜಾರಿಗಿಂತ ಮೇಲ್ಮೈಯ ಇಳಿಜಾರಿನ ಪ್ರಭಾವ ಹತ್ತು ಪಟ್ಟು ಜಾಸ್ತಿ. ನೀರು ಗುಡ್ಡ ಹತ್ತಿಯೂ ಹೋಗಬಲ್ಲದು. ಹೀಗೆ ಹೋದ ನೀರು ಹಿಮನದಿಯ ತಳವನ್ನು ಜಾರುವಂತೆ ಮಾಡುತ್ತದೆ. ಅಂಟಾರ್ಕ್ಟಿಕಾದ ಬರ್ಡ್ ಹಿಮನದಿಯ ಮೇಲ್ಹರಿವಿನಲ್ಲಿ ಮಂಜಿನಡಿಯ ಎರಡು ಕೆರೆಗಳು ಖಾಲಿಯಾದಾಗ, ಆ ಹಿಮನದಿ ಸುಮಾರು ಹದಿನಾಲ್ಕು ತಿಂಗಳು ಶೇ. 10ರಷ್ಟು ವೇಗವಾಗಿ ಸಮುದ್ರದ ಕಡೆ ಜರುಗಿತು. ಮಂಜು ಸಮುದ್ರಕ್ಕೆ ಬೇಗ ಸೇರಿದಷ್ಟೂ ಸಮುದ್ರದ ಮಟ್ಟ ಏರುತ್ತದೆ. ಹೊನ್ನಾವರದಲ್ಲಿ ಶರಾವತಿ ಸೇರುವುದೂ ಅದೇ ಸಮುದ್ರವನ್ನೇ.

ಅಂಟಾರ್ಕ್ಟಿಕಾದಲ್ಲಿ ಊರಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಊರಿದೆ, ರಸ್ತೆ ಇದೆ, ಸೇತುವೆ ಇದೆ. ವಾಟ್ನಾಯೊಕುಲ್ ಹಿಮರಾಶಿಯ ಕೆಳಗೆ ಜ್ವಾಲಾಮುಖಿಗಳಿವೆ. ಅವುಗಳ ಬಿಸಿಗೆ ಮಂಜು ಕರಗಿ ಕೆರೆಯಾಗುತ್ತದೆ, ಒಂದು ದಿನ ಒಡೆದು ಹರಿಯುತ್ತದೆ. 1996ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಗ್ರಿಮ್ಸ್‌ವೊಟ್ನ್ ಎಂಬ ಕೆರೆಗೆ ಹೋಗಿ ಸೇರಿಕೊಳ್ಳುತ್ತಾ ಹೋಯಿತು. ಕೆರೆಯ ಮೇಲಿನ ಮಂಜು ಏರುವುದನ್ನು ವಿಜ್ಞಾನಿಗಳು ಗಮನಿಸುತ್ತಲೇ ಇದ್ದರು. ನವೆಂಬರ್ 5ಕ್ಕೆ ಒಡೆಯಿತು. ಜೋರಾದಾಗ ಸೆಕೆಂಡಿಗೆ 45 ಸಾವಿರ ಘನ ಮೀಟರ್‌ಗೂ ಹೆಚ್ಚು, ಅಂದರೆ 15 ಲಕ್ಷ ಕ್ಯೂಸೆಕ್ ದಾಟಿದ ಪ್ರವಾಹ. ಮನೆ ಗಾತ್ರದ ಮಂಜುಗಡ್ಡೆಗಳು ಸೇತುವೆ ಒಡೆದವು. ರಸ್ತೆ ಮೊದಲೇ ಮುಚ್ಚಿದ್ದರು. ಒಬ್ಬರೂ ಸಾಯಲಿಲ್ಲ.

ಅದೇ ಹಿಮರಾಶಿಯಲ್ಲಿ ಸ್ಕಾಫ್ತಾ ನದಿಗೆ ಪ್ರವಾಹ ಕಳಿಸುವ ಎರಡು ಕುಳಿಗಳಿವೆ, ಅಂದರೆ ಅಡಿಯಲ್ಲಿ ಕೆರೆ ಇರುವ, ಮಂಜಿನ ಮೇಲ್ಮೈಯ ತಗ್ಗುಗಳು. ಪೂರ್ವದ ಕುಳಿಯ ಮೇಲೆ 2014ರಿಂದ ಪ್ರತಿವರ್ಷ ರೇಡಾರ್ ಎಳೆದರು. ಸ್ನೋಮೊಬೈಲ್ ಹಿಂದೆ ಉದ್ದದ ಆಂಟೆನಾ ಕಟ್ಟಿ, ಹಿಂದಿನ ವರ್ಷ ಹೋದ ಗೆರೆಯ ಮೇಲೆಯೇ ಮತ್ತೆ ಹೋಗುವುದು. ಇದು ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಗೆರೆ ಅದೇ ಆಗಿದ್ದರೆ ಮಾತ್ರ ಎರಡು ವರ್ಷದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಮಂಜಿನ ತಳ ಕಳೆದ ವರ್ಷ ಎಲ್ಲಿತ್ತು, ಈ ವರ್ಷ ಎಷ್ಟು ಮೇಲೆ ಬಂದಿದೆ? ಆ ವ್ಯತ್ಯಾಸವೇ ಹೊಸದಾಗಿ ಬಂದ ನೀರು. 2015ರ ದೊಡ್ಡ ಪ್ರವಾಹದಲ್ಲಿ ಕೆರೆ ಬರಿದಾದದ್ದು, 2018ರ ಹೊತ್ತಿಗೆ ಮತ್ತೆ ತುಂಬಿ ಹರಿದದ್ದು ಈ ಗೆರೆಗಳಲ್ಲಿ ಸ್ಪಷ್ಟವಾಗಿ ಕಂಡಿತು. ಉಪಗ್ರಹದ ಚಿತ್ರಗಳಿಗಿಂತ ಈ ಕೆಲಸದ ಮೇಲೆ ನನಗೆ ಹೆಚ್ಚು ಗೌರವ.

ನೀರು ಯಾವಾಗಲೂ ಬುಡದಿಂದಲೇ ಹೊರಬರುತ್ತದೆ ಎಂದೇನೂ ಇಲ್ಲ. ಗ್ರೀನ್‌ಲ್ಯಾಂಡಿನ ಉತ್ತರದಲ್ಲಿ 2014ರಲ್ಲಿ ಒಂದು ಕೆರೆ ಮಂಜನ್ನು ಸೀಳಿಕೊಂಡು ಮೇಲಕ್ಕೇ ಬಂತು. ಹತ್ತು ದಿನದಲ್ಲಿ ಸುಮಾರು 9 ಕೋಟಿ ಘನ ಮೀಟರ್. ಗಾಜನೂರಿನ ತುಂಗಾ ಡ್ಯಾಂ ಹಿಡಿಯುವಷ್ಟು ನೀರು. ಹಳೆಯ ಉಪಗ್ರಹ ದಾಖಲೆಗಳಿಂದ ಇದು ಬೆಳಕಿಗೆ ಬಂದು, ವರದಿಯಾಗಿದ್ದು 2025ರಲ್ಲಿ.

ನೀರು ಕಡಿಮೆ ಇದ್ದರೆ ಅಪಾಯ ಕಡಿಮೆ ಅನ್ನುವಂತಿಲ್ಲ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ತೆತ್ ರೂಸ್ ಎಂಬ ಪುಟ್ಟ ಹಿಮನದಿಯ ಹೊಟ್ಟೆಯಲ್ಲಿದ್ದ ನೀರು 1892ರ ಜುಲೈ ರಾತ್ರಿ ಒಡೆದು ಸ್ಯಾಂ ಜೆರ್ವೆ ಪಟ್ಟಣದಲ್ಲಿ 175 ಜನ ಸತ್ತರು. ಶತಮಾನದ ಮೇಲೆ ಅಲ್ಲಿ ಮತ್ತೆ ಅಳತೆ ಮಾಡಿದಾಗ ನೀರು ಪುನಃ ತುಂಬಿಕೊಂಡದ್ದು ಗೊತ್ತಾಯಿತು. 2010ರಲ್ಲಿ ಡ್ರಿಲ್ ಮಾಡಿ ಪಂಪ್ ಇಟ್ಟು ನೀರು ಹೊರಗೆ ಹಾಕಿದರು. ಈ ಸಲ ಊರು ಉಳಿಯಿತು.

ನಮ್ಮ ಹಿಮಾಲಯಕ್ಕೆ ಇದು ನೇರವಾಗಿ ಸಂಬಂಧಿಸಿದ ಮಾತು. 2013ರ ಕೇದಾರನಾಥ, 2023ರ ಸಿಕ್ಕಿಂ, ಎರಡೂ ಕಡೆ ಒಡೆದದ್ದು ಕಣ್ಣಿಗೆ ಕಾಣುವ ಕೆರೆಗಳು. ಕಾಣದವನ್ನು ಹುಡುಕುವುದು ಇನ್ನೂ ಕಷ್ಟ. ಅಲ್ಲಿನ ಹಿಮನದಿಗಳ ಮೇಲೆ ಕಲ್ಲು ಮಣ್ಣಿನ ಹೊದಿಕೆ ಇರುತ್ತದೆ. ಮಂಜಿನೊಳಗೆ ಕರಗಿದ ನೀರು ಅಲ್ಲಲ್ಲಿ ಸಿಕ್ಕಿಕೊಂಡು ಅಲೆಗಳನ್ನು ಚದುರಿಸಿಬಿಡುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ರೇಡಾರ್, ಉದ್ದದ ಆಂಟೆನಾ ಬೇಕು. ಕರಗುವ ಕಾಲಕ್ಕೆ ಮೊದಲೇ ಹೋಗಬೇಕು.

2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹ ಪ್ರತಿ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ. ನೆಲ, ಮಂಜು ಕೆಲವು ಸೆಂಟಿಮೀಟರ್ ಜರುಗಿದರೂ ಹಿಡಿಯುತ್ತದೆ. ತಳದ ನೀರು ಅದಕ್ಕೆ ಕಾಣುವುದಿಲ್ಲ. ಮೇಲ್ಮೈ ಎಲ್ಲಿ ಕುಸಿಯಿತು, ಎಲ್ಲಿ ಉಬ್ಬಿತು ಅನ್ನುವುದು ಕಾಣುತ್ತದೆ. ಆ ಜಾಗಕ್ಕೆ ಆಂಟೆನಾ ಹೊತ್ತುಕೊಂಡು ಹೋಗುವ ತಂಡ ಬೇರೆ ಬೇಕು, ಅದಕ್ಕೆ ಪ್ರತಿವರ್ಷ ದುಡ್ಡು ಬೇಕು. ಸ್ಪಿತಿಯಲ್ಲಿ 2016ರಿಂದ ಹಿಮಾಂಶ್ ಎಂಬ ಸಂಶೋಧನಾ ಕೇಂದ್ರ ಇದೆ. ಹಿಮಾಲಯದಲ್ಲಿ ಇಂಥ ಕೇಂದ್ರಗಳು ಇನ್ನೂ ನಾಲ್ಕಾರು ಬೇಕು. ನಿಸಾರ್‌ನ ಮಾಹಿತಿ ಎಲ್ಲರಿಗೂ ಉಚಿತ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಓದುವ ಹುಡುಗ ಹುಡುಗಿಯರೂ ಅದನ್ನು ಇಳಿಸಿಕೊಂಡು, ಒಂದು ಹಿಮನದಿ ಆರಿಸಿ, ಅದರ ಮೇಲ್ಮೈ ವರ್ಷವಿಡೀ ಹೇಗೆ ಜರುಗಿತು ಎಂದು ನೋಡಲು ಶುರು ಮಾಡಬಹುದು.