ದುಡ್ಡು ಕೊಟ್ಟು ಬೈಸಿಕೊಂಡವರು

ಅಮೆರಿಕದ ಕಮೀಡಿಯನ್ ಡಾನ್ ರಿಕಲ್ಸ್‌ನ ಅಪ್ಪ ನ್ಯೂಯಾರ್ಕಿನಲ್ಲಿ ಇನ್ಶೂರೆನ್ಸ್ ಮಾರುತ್ತಿದ್ದ. ಮಗನೂ ಅದೇ ಕೆಲಸಕ್ಕೆ ಕೈ ಹಾಕಿದ. ಕುದುರಲಿಲ್ಲ. ಬಾಯಿ ಜೋರಿತ್ತು, ಆದರೆ ಗಿರಾಕಿಯ ಹತ್ತಿರ ಸಹಿ ಹಾಕಿಸಿಕೊಳ್ಳುವ ನಯ ಬರುತ್ತಿರಲಿಲ್ಲ. ಇಂಥವನು ಮುಂದೆ 60 ವರ್ಷ ಎದುರಿಗೆ ಕೂತವರನ್ನು ಬೈದೇ ಬದುಕು ಕಟ್ಟಿಕೊಂಡ.

ಹುಟ್ಟಿದ್ದು 1926ರಲ್ಲಿ, ಕ್ವೀನ್ಸ್‌ನ ಯಹೂದಿ ಕುಟುಂಬದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿ ಫಿಲಿಪೀನ್ಸ್ ಕಡೆ ಹೋಗಿಬಂದ. ವಾಪಸ್ ಬಂದು ನಟನೆ ಕಲಿತ, ಕೆಲಸ ಸಿಗಲಿಲ್ಲ. ಹೊಟ್ಟೆಪಾಡಿಗೆ ಕ್ಲಬ್‌ಗಳಲ್ಲಿ ಜೋಕ್ ಹೇಳಲು ನಿಂತ. ಅವು ಬಟ್ಟೆ ಬಿಚ್ಚಿ ಕುಣಿಯುವ ಕ್ಲಬ್‌ಗಳು. ಅಲ್ಲಿಗೆ ಯಾರೂ ಜೋಕ್ ಕೇಳಲು ಬರುವುದಿಲ್ಲ, ಅಲ್ವಾ? ಕುಡಿದವರು ಕೂಗುತ್ತಿದ್ದರು. ರಿಕಲ್ಸ್ ತಿರುಗಿ ಬೈದ. ಕಷ್ಟಪಟ್ಟು ತಯಾರಿ ಮಾಡಿಕೊಂಡು ಬಂದ ಜೋಕಿಗೆ ಹುಟ್ಟದ ನಗು ಬಾಯಿಗೆ ಬಂದ ಬೈಗುಳಕ್ಕೆ ಹುಟ್ಟಿತು.

ಬೈದು ನಗಿಸುವುದನ್ನು ಈತನೇ ಶುರುಮಾಡಿದ ಅನ್ನುವಂತಿಲ್ಲ. ಜ್ಯಾಕ್ ಇ. ಲಿಯೊನಾರ್ಡ್ ಅನ್ನುವ ದಡೂತಿ ಕಮೀಡಿಯನ್ ಆಗಲೇ ಇದ್ದ. ‘ಎದುರಾಳಿಗಳೇ, ಶುಭ ಸಂಜೆ’ ಎಂದೇ ಆತ ಮಾತು ಶುರು ಮಾಡುತ್ತಿದ್ದ. ರಿಕಲ್ಸ್ ನನ್ನದನ್ನೇ ಕದ್ದ ಎಂದೂ ಹೇಳಿಕೊಂಡು ತಿರುಗಿದ. ನನ್ನ ಪ್ರಕಾರ ಅದು ಪೂರ್ತಿ ನ್ಯಾಯವಲ್ಲ. ಲಿಯೊನಾರ್ಡ್ ಬಾಣದಂಥ ಒಂದೊಂದು ಸಾಲು ಬಿಡುತ್ತಿದ್ದವನು. ರಿಕಲ್ಸ್ ಹತ್ತಿರ ಸಾಲುಗಳೇ ಇರಲಿಲ್ಲ. ಎದುರಿಗಿದ್ದ ಬೋಳು ತಲೆ, ಪಕ್ಕದಲ್ಲಿ ಕೂತ ಹೆಂಡತಿ, ಅವರ ಊರು, ಅವರ ಜನಾಂಗ, ಕಣ್ಣಿಗೆ ಬಿದ್ದಿದ್ದೆಲ್ಲ ಸರಕು. ಅದಕ್ಕೇ ಆತನ ಮಾತನ್ನು ಇವತ್ತು ಅಕ್ಷರದಲ್ಲಿ ಓದಿದರೆ ನಗು ಬರುವುದಿಲ್ಲ. ಸುಮ್ನೆ ಒರಟು ಅನ್ನಿಸುತ್ತದೆ.

ಅದೃಷ್ಟ ತೆರೆದದ್ದು 1957ರಲ್ಲಿ, ಮಯಾಮಿ ಬೀಚ್‌ನ ಒಂದು ನೈಟ್‌ಕ್ಲಬ್‌ನಲ್ಲಿ. ಗಾಯಕ ಫ್ರ್ಯಾಂಕ್ ಸಿನಾಟ್ರಾ ಒಳಗೆ ಬಂದ. ಆತನ ಮುಂಗೋಪ, ಕೈ ಮಾಡುವ ಚಾಳಿ ಊರಿಗೆಲ್ಲ ಗೊತ್ತು. ರಿಕಲ್ಸ್ ವೇದಿಕೆಯಿಂದಲೇ, ‘ಬಾ ಫ್ರ್ಯಾಂಕ್, ನಿನ್ನ ಮನೆ ಅಂದ್ಕೋ. ಯಾರಿಗಾದರೂ ಒಂದು ಬಿಡು’ ಎಂದ. ಸಿನಾಟ್ರಾ ಬಿದ್ದು ಬಿದ್ದು ನಕ್ಕ. ಇದರ ಹಿಂದೆ ತಾಯಂದಿರ ಕೈವಾಡವೂ ಇತ್ತು. ರಿಕಲ್ಸ್‌ನ ಅಮ್ಮ ಎಟ್ಟಾ, ಸಿನಾಟ್ರಾನ ಅಮ್ಮ ಡಾಲಿಯ ಸ್ನೇಹ ಬೆಳೆಸಿ, ‘ನಿಮ್ಮ ಮಗ ಒಂದು ಸಲ ನನ್ನ ಮಗನ ಶೋಗೆ ಬರಲಿ’ ಎಂದು ಕೇಳಿಕೊಂಡಿದ್ದಳು. ಮಗ ಊರನ್ನೆಲ್ಲ ಬೈಯುವವನು, ಅಮ್ಮ ಅವನಿಗಾಗಿ ಕಂಡವರನ್ನು ಬೇಡುವವಳು.

1959ರಿಂದ ಲಾಸ್ ವೇಗಸ್. ಸಹಾರಾ ಹೋಟೆಲಿನ ದೊಡ್ಡ ಸಭಾಂಗಣವಲ್ಲ, ಪಕ್ಕದ ಲೌಂಜ್. ಶೋಗಳು ನಡುರಾತ್ರಿ ದಾಟಿ ಬೆಳಗಿನ ಜಾವದವರೆಗೂ ನಡೆಯುತ್ತಿದ್ದವು. ಬೇರೆ ಹೋಟೆಲುಗಳಲ್ಲಿ ಹಾಡಿ ಕುಣಿದು ಮುಗಿಸಿದ ತಾರೆಯರು ಇಲ್ಲಿಗೆ ಬೈಸಿಕೊಳ್ಳಲು ಬರುತ್ತಿದ್ದರು. ನನ್ನನ್ನು ಬೈಯಲಿಲ್ಲವಲ್ಲ ಅನ್ನುವುದೇ ಅವಮಾನ ಆಗುವಷ್ಟರ ಮಟ್ಟಿಗೆ ವಿಷಯ ತಲೆಕೆಳಗಾಯಿತು. ಗೂಳಿ ಕಾಳಗದ ಸಂಗೀತದ ಜೊತೆ ರಿಕಲ್ಸ್ ವೇದಿಕೆಗೆ ಬರುತ್ತಿದ್ದ. ‘ಹಾಕಿ ಪಕ್’ ಅನ್ನುವುದು ಆತನ ಖಾಯಂ ಬೈಗುಳ. ಮಂಜಿನ ಮೇಲಿನ ಹಾಕಿಯಲ್ಲಿ ಎಲ್ಲರ ಕೈಲೂ ಏಟು ತಿನ್ನುತ್ತದಲ್ಲ, ಆ ರಬ್ಬರ್ ಬಿಲ್ಲೆ. ಶೋ ಮುಗಿಯುವ ಹೊತ್ತಿಗೆ ದನಿ ಮೆತ್ತಗಾಗುತ್ತಿತ್ತು. ಯಾರ ಮೇಲೂ ದ್ವೇಷವಿಲ್ಲ, ನಾವೆಲ್ಲ ಒಂದೇ ಎಂದು ಒಂದು ಪುಟ್ಟ ಭಾಷಣ. ಕೆಲವರಿಗೆ ಇದು ಪ್ರಾಮಾಣಿಕವಾಗಿ ಕಂಡಿತು, ಕೆಲವರಿಗೆ ಬೆಣ್ಣೆ ಹಚ್ಚಿದಂತೆ. ನಾನು ಎರಡನೆಯವರ ಗುಂಪು. ಬೈದಾಗಿನ ರಿಕಲ್ಸ್ ನನಗೆ ಜಾಸ್ತಿ ಇಷ್ಟ.

1965ರಲ್ಲಿ ಜಾನಿ ಕಾರ್ಸನ್‌ನ ತಡರಾತ್ರಿಯ ಟೀವಿ ಹರಟೆ ‘ಟುನೈಟ್ ಶೋ’ ಆತನನ್ನು ಮನೆಮನೆಗೆ ತಲುಪಿಸಿತು. ‘ಮಿಸ್ಟರ್ ವಾರ್ಮ್ತ್’ (ಅಕ್ಕರೆಯ ಮನುಷ್ಯ) ಎಂದು ವ್ಯಂಗ್ಯದ ಬಿರುದು ಕೊಟ್ಟವನೂ ಕಾರ್ಸನ್ನೇ. 1976ರ ಡಿಸೆಂಬರಿನಲ್ಲಿ ಕಾರ್ಸನ್ ಇಲ್ಲದ ದಿನ, ಆತನ ಮೇಜಿನ ಮೇಲಿದ್ದ ಮರದ ಸಿಗರೇಟು ಪೆಟ್ಟಿಗೆಯನ್ನು ರಿಕಲ್ಸ್ ಮುರಿದುಹಾಕಿದ. ಮರುದಿನ ಕಾರ್ಸನ್ ಕ್ಯಾಮೆರಾ ಸಮೇತ ಎದುರಿನ ಸ್ಟುಡಿಯೊಗೆ ನುಗ್ಗಿದ. ರಿಕಲ್ಸ್ ಅಲ್ಲಿ ತನ್ನ ಧಾರಾವಾಹಿಯ ಚಿತ್ರೀಕರಣದಲ್ಲಿದ್ದ. ಬೈಯುವವನ ಬಾಯಿ ಕಟ್ಟಿದ ಅಪರೂಪದ ಗಳಿಗೆ ಅದು. ಅದೇ ದಶಕದಲ್ಲಿ ಗಾಯಕ, ನಟ ಡೀನ್ ಮಾರ್ಟಿನ್‌ನ ರೋಸ್ಟ್ ಕಾರ್ಯಕ್ರಮಗಳೂ ಟೀವಿಗೆ ಬಂದವು. ನ್ಯೂಯಾರ್ಕಿನ ಫ್ರಯರ್ಸ್ ಕ್ಲಬ್‌ನಲ್ಲಿ ಬಾಗಿಲು ಹಾಕಿಕೊಂಡು ಗೆಳೆಯನನ್ನು ಕೂರಿಸಿ, ಬೈದು ನಗುತ್ತಾ ಹುರಿಯುತ್ತಿದ್ದ ಆಟ ಈಗ ನಡುಮನೆಗೆ ಬಂತು. 1985ರಲ್ಲಿ ಅಧ್ಯಕ್ಷ ರೇಗನ್ ಎರಡನೇ ಸಲ ಅಧಿಕಾರ ಹಿಡಿದಾಗಿನ ಸಮಾರಂಭಕ್ಕೆ ರಿಕಲ್ಸ್ ಬೇಕೇ ಬೇಕು ಎಂದು ಸಿನಾಟ್ರಾ ಹಟ ಹಿಡಿದ. ರಿಕಲ್ಸ್ ಹೋದ, ಅಧ್ಯಕ್ಷನನ್ನೂ ಬಿಡಲಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಕಪ್ಪು ಜನ, ಮೆಕ್ಸಿಕನ್ನರು, ಏಷ್ಯಾದವರು, ಯಹೂದಿಗಳು, ಎಲ್ಲರಿಗೂ ಸಮಪಾಲು ಬೈಗುಳ ಅನ್ನುವುದೇ ಆತನ ಸಮರ್ಥನೆ. ಪಾಲು ಸಮ ಇರಬಹುದು, ತಿನ್ನುವವರ ಹೊಟ್ಟೆ ಸಮ ಇರುವುದಿಲ್ಲ. ಹೊರಗೆ ದಿನಾ ಅದೇ ಮಾತು ಕೇಳಿ ಬಂದವನಿಗೆ ಒಳಗಿನದು ಬರೀ ತಮಾಷೆ ಆಗುವುದು ಕಷ್ಟ. 2012ರಲ್ಲಿ ನಟಿ ಶರ್ಲಿ ಮೆಕ್ಲೇನ್‌ಗೆ ಸನ್ಮಾನವಾದ ಸಮಾರಂಭದಲ್ಲಿ, ಒಬಾಮ ತನ್ನ ಮನೆ ಒರೆಸುವ ಆಳು ಅನ್ನುವ ಅರ್ಥದ ಒಂದು ಜೋಕ್ ಹೊಡೆದ. ದೊಡ್ಡ ಗಲಾಟೆ ಆಯಿತು. 1960ರ ಲೌಂಜಿನಲ್ಲಿ ಅಂಥದ್ದು ಹೊಗೆಯ ಜೊತೆ ಕರಗಿ ಹೋಗುತ್ತಿತ್ತು. ಈಗ ಸಭಾಂಗಣದ ಗೋಡೆಗಳೇ ಇಲ್ಲ. ಕೇಳುವವರು ಬೈಸಿಕೊಳ್ಳಲು ಟಿಕೆಟ್ ತೆಗೆದುಕೊಂಡವರೂ ಅಲ್ಲ.

ನಮ್ಮ ದೇಶಕ್ಕೂ ಈ ಬಿಸಿ ತಟ್ಟಿದೆ. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಎಐಬಿ ಅನ್ನುವ ಹಾಸ್ಯ ತಂಡ ರಣವೀರ್ ಸಿಂಗ್, ಅರ್ಜುನ್ ಕಪೂರ್ ಅವರನ್ನು ರೋಸ್ಟ್ ಮಾಡಿತು. ಒಳಗಿದ್ದವರು ನಕ್ಕು ಮನೆಗೆ ಹೋದರು. ವಿಡಿಯೊ ಯೂಟ್ಯೂಬಿಗೆ ಬಂದ ಮೇಲೆ ಪೊಲೀಸ್ ದೂರುಗಳಾದವು, ತಂಡ ವಿಡಿಯೊ ತೆಗೆದುಹಾಕಿತು.

ರಿಕಲ್ಸ್ 2017ರ ಏಪ್ರಿಲ್ 6ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡ. ಮಕ್ಕಳಿಗೆ ಆತ ಟಾಯ್ ಸ್ಟೋರಿ ಕಾರ್ಟೂನ್ ಚಿತ್ರಗಳ ಸಿಡುಕು ಆಲೂಗಡ್ಡೆ, ಮಿಸ್ಟರ್ ಪೊಟೇಟೊ ಹೆಡ್. ನಾಲ್ಕನೇ ಭಾಗಕ್ಕೆ ಒಪ್ಪಿಕೊಂಡಿದ್ದರೂ ದನಿ ಕೊಡುವ ಮೊದಲೇ ಹೋಗಿಬಿಟ್ಟ. ಮನೆಯವರು ಕೇಳಿಕೊಂಡ ಮೇಲೆ, ಚಿತ್ರತಂಡದವರು ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಬಿದ್ದಿದ್ದ ಧ್ವನಿಮುದ್ರಣಗಳನ್ನು ಹುಡುಕಿ ತೆಗೆದರು. ಹಳೇ ಸಿನಿಮಾ, ಆಟಿಕೆ, ವಿಡಿಯೊ ಗೇಮ್, ಎಲ್ಲೆಲ್ಲಿಂದಲೋ ಒಂದೊಂದು ಗೊಣಗಾಟ ಆರಿಸಿ ಪಾತ್ರಕ್ಕೆ ಜೋಡಿಸಿದರು. 2019ರಲ್ಲಿ ಸಿನಿಮಾ ಬಂತು. ಆಲೂಗಡ್ಡೆ ಅದರಲ್ಲೂ ಸಿಡುಕುತ್ತದೆ.