ಥೈಮೋಸಿನ್ ಅಂದ್ರೆ ಒಂದೇ ವಸ್ತು ಅಲ್ಲ

ಥೈಮೋಸಿನ್ ಅಂದ ಕೂಡಲೇ ಯಾವುದೋ ಒಂದು ಪ್ರೋಟೀನು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಮನೆತನದ ಹೆಸರಿದ್ದ ಹಾಗೆ, ಆದರೆ ಆ ಮನೆಯಲ್ಲಿ ಕೆಲವರಿಗೆ ರಕ್ತಸಂಬಂಧವೇ ಇಲ್ಲ.

ಹೆಸರು ಬಂದದ್ದು ಥೈಮಸ್ ಗ್ರಂಥಿಯಿಂದ. ಎದೆಮೂಳೆಯ ಹಿಂದೆ ಇರುವ ಈ ಗ್ರಂಥಿಯಲ್ಲೇ ರೋಗ ತಡೆಯುವ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಪಳಗುವುದು. ಆ 'ಟಿ' ಕೂಡ ಥೈಮಸ್‌ನದ್ದೇ. ಎಳೆ ವಯಸ್ಸಿನಲ್ಲಿ ದೊಡ್ಡದಾಗಿದ್ದು, ಬೆಳೆದ ಮೇಲೆ ಕುಗ್ಗುತ್ತಾ ಕೊಬ್ಬಾಗುತ್ತದೆ. ಅದಕ್ಕೇ ಸಾರ ತೆಗೆಯಲು ಹಸು ಎತ್ತಿನದು ಬಿಟ್ಟು ಕರುವಿನ ಗ್ರಂಥಿಯನ್ನೇ ತೆಗೆದುಕೊಳ್ಳುತ್ತಿದ್ದರು. 1966ರಲ್ಲಿ ವಿಜ್ಞಾನಿಗಳಾದ ಅಲನ್ ಗೋಲ್ಡ್‌ಸ್ಟೈನ್, ಅಬ್ರಹಾಂ ವೈಟ್ ಮತ್ತು ಜೊತೆಗಾರರು ಅದರ ಸಾರಕ್ಕೆ ಥೈಮೋಸಿನ್ ಅಂತ ಹೆಸರಿಟ್ಟರು.

ಸಾರ ತೆಗೆಯುವ ಕೆಲಸ ನೋಡಿ. ಕೊಬ್ಬು ಬಿಡಿಸಿದ ಗ್ರಂಥಿಯನ್ನು ಉಪ್ಪುನೀರಿನಲ್ಲಿ ಅರೆದು, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಗಸಿಯನ್ನು ಬಿಟ್ಟು ಮೇಲಿನ ತಿಳಿ ತೆಗೆಯುತ್ತಿದ್ದರು. ಆ ತಿಳಿಯನ್ನು 80 ಡಿಗ್ರಿಗೆ ಕಾಯಿಸಿದರೆ ಹಾಲು ಒಡೆದ ಹಾಗೆ ಬೇಡದ ಪ್ರೋಟೀನುಗಳಲ್ಲಿ ಹೆಚ್ಚಿನವು ಬಿಳಿಯಾಗಿ ಗಟ್ಟಿಕಟ್ಟುತ್ತವೆ. ನಮಗೆ ಬೇಕಾದವು ಬಿಸಿ ತಡೆದುಕೊಂಡು ನೀರಲ್ಲೇ ಉಳಿಯುತ್ತವೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಈ ಹಂತವೇ. ಆಮೇಲೆ ತಣ್ಣನೆಯ ಅಸಿಟೋನ್ ಹಾಕಿ ಪುಡಿಯಾಗಿ ಇಳಿಸುವುದು, ಅಮೋನಿಯಂ ಸಲ್ಫೇಟ್ ಅನ್ನುವ ಲವಣದಿಂದ ಮತ್ತೆ ಬೇರ್ಪಡಿಸುವುದು, ಕೊನೆಗೆ ಉಪ್ಪು ತೆಗೆಯುವುದು.

ಹೀಗೆ ಐದನೇ ಹಂತದಲ್ಲಿ ಸಿಕ್ಕಿದ್ದಕ್ಕೆ 'ಫ್ರ್ಯಾಕ್ಷನ್ 5' ಅಂದರು. ಅದೂ ಶುದ್ಧ ವಸ್ತುವಲ್ಲ, ಹತ್ತಾರು ಚಿಕ್ಕ ಪ್ರೋಟೀನುಗಳ ಬೆರಕೆ. ಅದರಿಂದ ಬಿಡಿಸಿದ ಥೈಮೋಸಿನ್ ಆಲ್ಫಾ 1ರಲ್ಲಿ 28 ಅಮೈನೋ ಆಮ್ಲಗಳಿವೆ. ಅದು ನಿಜಕ್ಕೂ ಟಿ ಕಣಗಳ ಮೇಲೆ ಕೆಲಸ ಮಾಡುತ್ತದೆ, ಈಗ ಅದನ್ನು ಕರುವಿನ ಹಂಗಿಲ್ಲದೆ ರಾಸಾಯನಿಕವಾಗಿಯೇ ತಯಾರಿಸುತ್ತಾರೆ. 43 ಅಮೈನೋ ಆಮ್ಲಗಳ ಥೈಮೋಸಿನ್ ಬೀಟಾ 4ರ ಕಥೆಯೇ ಬೇರೆ: ಅದು ಮೈಯ ಹೆಚ್ಚಿನ ಜೀವಕೋಶಗಳಲ್ಲೂ ಇದೆ, ಮುಖ್ಯ ಕೆಲಸ ಜೀವಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಅನ್ನುವ ಪ್ರೋಟೀನನ್ನು ಹಿಡಿದಿಡುವುದು. ಹಾಗಾಗಿ 'ಥೈಮೋಸಿನ್' ಅಂತ ಕಂಡರೆ ಮುಂದೆ ಆಲ್ಫಾ ಇದೆಯೋ ಬೀಟಾ ಇದೆಯೋ ನೋಡಲೇಬೇಕು.

ಇದೇ ಕರುವಿನ ಥೈಮಸ್‌ನಿಂದ 1975ರಲ್ಲಿ ಇನ್ನೊಬ್ಬ ಗೋಲ್ಡ್‌ಸ್ಟೈನ್, ಅಂದರೆ ಗಿಡಿಯನ್, ಮತ್ತೊಂದು ಪ್ರೋಟೀನು ತೆಗೆದರು. ಹುಡುಕಿದಲ್ಲೆಲ್ಲ ಅದು ಸಿಗುತ್ತಾ ಹೋಯಿತು. ಯುಬಿಕ್ವಿಟಿನ್ ಅನ್ನುವ ಹೆಸರು ಅದಕ್ಕೆ ಬಂದದ್ದೇ ಹಾಗೆ: ಇಂಗ್ಲಿಷಿನಲ್ಲಿ 'ಯುಬಿಕ್ವಿಟಸ್' ಅಂದರೆ ಎಲ್ಲೆಲ್ಲೂ ಇರುವಂಥದ್ದು.